ಅಜ್ಜಿಯ ತವರು ಹುಡುಕಬೇಕೇ? ಉತಾರದಿಂದ ಶುರುಮಾಡಿ, ಡಿಎನ್‌ಎ ಕೊನೆಗಿರಲಿ

ಸಿರ್ಸಿ ಸೀಮೆಯ ಯಾವುದಾದರೂ ಹಳೇ ಮನೆಗೆ ಹೋಗಿ ಕೇಳಿ ನೋಡಿ. ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಗಂಡಸರ ಹೆಸರು ನಾಲ್ಕೈದು ತಲೆಮಾರು ಸರಾಗ ಬರುತ್ತದೆ. ಮುತ್ತಜ್ಜಿ ಯಾವ ಮನೆ ಮಗಳು ಅಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಘಟ್ಟದ ಕೆಳಗಿನವಳಂತೆ" ಅನ್ನುವಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲೂ ಹೀಗೇ ಆಯಿತು. ಮದುವೆ ದಿನವೇ ಸೊಸೆಯ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆ ಹಲವು ಮನೆತನಗಳಲ್ಲಿತ್ತು, ಅಲ್ವಾ? ಹಾಗಾಗಿ ಅಜ್ಜಿಗೆ ಹುಟ್ಟಿದಾಗ ಇಟ್ಟ ಹೆಸರೂ ಹೋಯಿತು, ತವರಿನ ಹೆಸರೂ ಹೋಯಿತು.

ಈಗ ಉಗುಳು ಕಳಿಸಿದರೆ ವಂಶ ಹೇಳುತ್ತೇವೆ ಅನ್ನುವ ಕಂಪನಿಗಳಿವೆ. ನಾನೂ ಮೊದಲು ಅದಕ್ಕೇ ಹಾರಿದ್ದು. ತಪ್ಪು ಮಾಡಿದೆ. ಕೈಯಲ್ಲಿ ಹೆಸರುಗಳ ಪಟ್ಟಿ ಇಲ್ಲದೆ ಡಿಎನ್‌ಎ ವರದಿ ತೆಗೆದುಕೊಂಡರೆ, ಯಾರೂ ಗೊತ್ತಿಲ್ಲದ ಮದುವೆ ಮನೆಯಲ್ಲಿ ಊಟಕ್ಕೆ ಕೂತ ಹಾಗೆ. ಎಲ್ಲರೂ ನೆಂಟರೇ, ಯಾರು ಹೇಗೆ ಅಂತ ಮಾತ್ರ ತಿಳಿಯುವುದಿಲ್ಲ.

ಮೊದಲ ಕೆಲಸ, ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಕೂರುವುದು. ಫೋನಿನಲ್ಲಿ ರೆಕಾರ್ಡ್ ಹಾಕಿಡಿ. "ನಮ್ಮ ವಂಶದ ಬಗ್ಗೆ ಹೇಳಿ" ಅಂದರೆ ಏನೂ ಬರುವುದಿಲ್ಲ. ಬಾಣಂತನಕ್ಕೆ ಎಲ್ಲಿಗೆ ಹೋಗಿದ್ದಿರಿ, ತವರಿನ ಚೌತಿಗೆ ಯಾರೆಲ್ಲ ಬರುತ್ತಿದ್ದರು, ಯಾರ ಮನೆ ಸೂತಕ ನಿಮಗೆ ತಾಗುತ್ತಿತ್ತು ಅಂತ ಕೇಳಿ. ಆಗ ಊರು, ಮನೆ, ಜಗಳ ಎಲ್ಲ ಹೊರಗೆ ಬರುತ್ತದೆ. ಕರಾವಳಿಯಲ್ಲಿ ಬಳಿ (ಗೋತ್ರದ ಹಾಗೆ ಕುಲದೊಳಗಿನ ಗುಂಪು) ಇರುವ ಸಮುದಾಯದವರಾದರೆ ಬಳಿಯ ಹೆಸರು ಕೇಳಿ, ಅದು ಅಪ್ಪನಿಂದ ಬರುತ್ತದೋ ಅಮ್ಮನಿಂದಲೋ ಅದನ್ನೂ ಕೇಳಿ ಬರೆದುಕೊಳ್ಳಿ.

ಶ್ರಾದ್ಧ ಮಾಡುವ ಮನೆಯಾದರೆ ಪುರೋಹಿತರನ್ನು ಬಿಡಬೇಡಿ. ಪಕ್ಷದ ತರ್ಪಣದಲ್ಲಿ ಅಪ್ಪನ ಕಡೆ ಮೂರು ತಲೆಮಾರು ಮಾತ್ರ ಅಲ್ಲ, ತಾಯಿಯ ಅಪ್ಪ, ಅಜ್ಜ, ಮುತ್ತಜ್ಜನ ಹೆಸರನ್ನೂ ಗೋತ್ರ ಸಮೇತ ಹೇಳುತ್ತಾರೆ, ಹೆಂಗಸರ ಹೆಸರೂ ಬರುತ್ತದೆ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡ ಭಟ್ಟರು ಇನ್ನೂ ಇದ್ದಾರೆ. ನಮ್ಮ ಭಟ್ಟರ ಪಂಚಾಂಗದೊಳಗಿದ್ದ ಒಂದು ಹಳದಿ ಚೀಟಿಯಿಂದಲೇ ನನಗೆ ಎರಡು ತಲೆಮಾರು ಸಿಕ್ಕಿತು. ಅಲ್ಲಿರುವುದು ಗಂಡನ ಮನೆಯ ಹೆಸರು ಅನ್ನುವುದೊಂದು ನೆನಪಿರಲಿ.

ಇನ್ನು ಕಾಗದ. ಜಮೀನು ಇದ್ದವರಿಗೆ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮೇ ದೊಡ್ಡ ಆಧಾರ. ಕಂಪ್ಯೂಟರ್ ಪಹಣಿಯಲ್ಲಿ ಈಗಿನ ಹೆಸರು ಬಿಟ್ಟರೆ ಹೆಚ್ಚೇನಿಲ್ಲ, ನಿಮಗೆ ಬೇಕಾದದ್ದು ಕೈಬರಹದ ಹಳೇ ಉತಾರ, ಅಂದರೆ ಜಮೀನಿನ ಹಕ್ಕಿನ ದಾಖಲೆ. ಸರ್ವೆ ನಂಬರು, ಹಿಸ್ಸೆ ನಂಬರು ಬರೆದು ನಕಲಿಗೆ ಅರ್ಜಿ ಕೊಡಿ. ಉತಾರದಲ್ಲಿ ಹೆಸರಿನ ಹತ್ತಿರ ಒಂದು ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು ಇರುತ್ತದೆ. ಆ ನಂಬರಿನ ನಮೂದಿನ ನಕಲನ್ನೂ ಕೇಳಿ. ಇಂಥವರು ತೀರಿಕೊಂಡರು, ಇಂಥಿಂಥವರು ವಾರಸುದಾರರು ಅಂತ ಅಲ್ಲಿ ಬರೆದಿರುತ್ತದೆ. ಒಂದು ನಂಬರು ಹಿಂದಿನದಕ್ಕೆ ದಾರಿ ತೋರಿಸುತ್ತದೆ, ಅದು ಇನ್ನೂ ಹಿಂದಿನದಕ್ಕೆ. ನಾನು ಒಂದು ಮಳೆಗಾಲ ಪೂರ್ತಿ ಹೀಗೆ ಅಲೆದೆ. ಒಂದು ಕಚೇರಿಯಲ್ಲಿ ಮೂರು ಸಲ "ನಾಳೆ ಬನ್ನಿ" ಅನ್ನಿಸಿಕೊಂಡೆ, ನಾಲ್ಕನೇ ಸಲ ಹೋದಾಗ ಬೇಕಾದ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ ಅಂದರು. ಅಂಥ ಕಡೆ ಪಕ್ಕದ ಹಿಸ್ಸೆಯವರ ಕಾಗದ ನೋಡಿ. ಅಣ್ಣತಮ್ಮಂದಿರು ಪಾಲಾದಾಗ ಎರಡೂ ಕಡೆ ಹೆಸರು ಬಿದ್ದಿರುತ್ತದೆ.

ಜಮೀನಿನ ಕಾಗದದಲ್ಲಿ ಹೆಂಗಸರು ಸಿಗುವುದೇ ಇಲ್ಲ ಅಂತ ಕೈಬಿಡಬೇಡಿ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದರ ನಂತರದ ವಾರಸಾ ನಮೂದುಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ಗಂಡನ ಹೆಸರು, ಊರು ಕಾಣುವುದು ಜಾಸ್ತಿ. ಇನ್ನೊಂದು ಇದೆ, ಹಕ್ಕು ಬಿಡುಗಡೆ ಪತ್ರ. ತವರಿನ ಜಮೀನಿನಲ್ಲಿ ನನಗೆ ಪಾಲು ಬೇಡ ಅಂತ ಅಕ್ಕತಂಗಿಯರಿಂದ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡ ಕಾಗದ. ಓದುವಾಗ ಹೊಟ್ಟೆ ಉರಿಯುತ್ತದೆ, ಆದರೆ ಅಪ್ಪನ ಹೆಸರು, ಅಣ್ಣತಮ್ಮಂದಿರ ಹೆಸರು, ಗಂಡನ ಮನೆ ಎಲ್ಲ ಒಂದೇ ಹಾಳೆಯಲ್ಲಿ ಸಿಗುವುದು ಅಲ್ಲೇ. ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುತ್ತದೆ. ನನ್ನ ಮುತ್ತಜ್ಜಿಯ ತವರು ಸಿಕ್ಕಿದ್ದು ಇಂಥದ್ದೇ ಒಂದು ಪತ್ರದಲ್ಲಿ. ಘಟ್ಟದ ಕೆಳಗಿನವಳೇನೋ ಹೌದು, ಆದರೆ ಕುಮಟಾ ಅಲ್ಲ, ಅಂಕೋಲಾ.

ಜಮೀನಿಲ್ಲದವರು, ಗೇಣಿ ಮಾಡಿದವರು 1974ರ ಭೂಸುಧಾರಣೆ ಕಾಲದಲ್ಲಿ ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ಏಳನೇ ನಮೂನೆಯ ಅರ್ಜಿ, ಭೂ ನ್ಯಾಯಮಂಡಳಿಯ ಕಡತ ಹುಡುಕಿ. ಅಜ್ಜನ ಕಾಲದಿಂದ ನಾವೇ ಗೇಣಿ ಮಾಡಿದ್ದು ಅಂತ ಅಲ್ಲಿ ಹೇಳಿಕೆ ಕೊಟ್ಟಿರುತ್ತಾರೆ. ಶಾಲೆಯ ದಾಖಲಾತಿ ಪುಸ್ತಕವೂ ಆಗುತ್ತದೆ. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ಇದೆ. ತಂದೆ ತಾಯಿ ಇಬ್ಬರ ಹೆಸರೂ ಇರುವುದರಿಂದ ಅವರ ಕೆಲಸ ನಮ್ಮದಕ್ಕಿಂತ ಸಲೀಸು. ಕಾರವಾರದ ಕೊಂಕಣಿ ಮನೆಗಳವರು ಕುಲದೇವರ ಜಾಡು ಹಿಡಿದು ಗೋವಾಕ್ಕೆ ಹೋಗುತ್ತಾರೆ. ದೇವಸ್ಥಾನದ ಮಹಾಜನರ (ವಂಶಪಾರಂಪರ್ಯ ಸದಸ್ಯರ) ಪಟ್ಟಿ, ಪಣಜಿಯ ಪತ್ರಾಗಾರ ನೋಡಬಹುದು, ಆದರೆ ಪೋರ್ಚುಗೀಸ್ ಓದುವವರು ಜೊತೆಗಿರಬೇಕು. ಸೂಪಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರಾದರೆ ಪರಿಹಾರದ ಕಡತದಲ್ಲಿ ಕುಟುಂಬದ ಪಟ್ಟಿ ಇರಬಹುದು.

ತೀರಾ ಹಿಂದೆ ಹೋಗುವ ಹಟ ಇದ್ದರೆ ಒಂದು ವಿಷಯ ತಿಳಿದಿರಲಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1799ರಿಂದ ಮದ್ರಾಸ್ ಆಡಳಿತದಲ್ಲಿತ್ತು, 1862ರಲ್ಲಿ ಮುಂಬೈಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಸರ್ಕಾರಿ ಕಡತಗಳೂ ಚೆನ್ನೈ, ಮುಂಬೈ, ಬೆಂಗಳೂರು ಅಂತ ಚದುರಿವೆ.

ಇಷ್ಟಾದ ಮೇಲೆ ಡಿಎನ್‌ಎ. ಮೂರು ಬಗೆಯ ಪರೀಕ್ಷೆ ಇದೆ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಗೋತ್ರದ ಹಾಗೆ. ಆದರೆ ಮಧ್ಯೆ ದತ್ತು ತೆಗೆದುಕೊಂಡಿದ್ದರೆ ಗೋತ್ರ ಮುಂದುವರಿಯುತ್ತದೆ, ವೈ ಬದಲಾಗಬಹುದು. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದೆ ಸಾಗಿಸುವುದು ಹೆಣ್ಣುಮಕ್ಕಳು ಮಾತ್ರ. ಉತಾರ ಬಿಟ್ಟುಬಿಟ್ಟ ಅಜ್ಜಿಯರಲ್ಲಿ ಅಮ್ಮನ ಅಮ್ಮ, ಅವಳ ಅಮ್ಮ ಅನ್ನುವ ಒಂದು ಸಾಲು ಇಲ್ಲಿದೆ, ಆದರೆ ಹೆಸರಿಲ್ಲದೆ. ನೆಂಟರನ್ನು ಹುಡುಕಲು ಬೇಕಾದದ್ದು ಮೂರನೆಯದು, ಆಟೊಸೋಮಲ್. ಇದು ಎರಡೂ ಕಡೆಯದನ್ನು ನೋಡುತ್ತದೆ.

ಸರಾಸರಿ ಲೆಕ್ಕ ಹೀಗಿದೆ. ಅಣ್ಣತಮ್ಮಂದಿರ ಮಕ್ಕಳ ನಡುವೆ ಶೇ 12.5ರಷ್ಟು ಡಿಎನ್‌ಎ ಒಂದೇ ಇರುತ್ತದೆ. ಅವರ ಮಕ್ಕಳ ನಡುವೆ ಶೇ 3ರಷ್ಟು. ಇನ್ನೂ ಒಂದು ತಲೆಮಾರು ಇಳಿದರೆ ಶೇ 1ಕ್ಕಿಂತ ಕಡಿಮೆ, ಹತ್ತರಲ್ಲಿ ಒಬ್ಬರಿಗೆ ಹೊಂದಿಕೆ ಕಾಣುವುದೂ ಇಲ್ಲ. ಅದಕ್ಕೇ ಬದುಕಿರುವ ಅತಿ ಹಿರಿಯರ ಪರೀಕ್ಷೆ ಮೊದಲು ಮಾಡಿಸಬೇಕು.

ಆದರೆ ಈ ಲೆಕ್ಕ ನಮ್ಮಲ್ಲಿ ಎಡವುತ್ತದೆ. ಅದೇ ಹತ್ತಿಪ್ಪತ್ತು ಊರುಗಳೊಳಗೆ ಹೆಣ್ಣು ಕೊಟ್ಟು ತಂದವರು ನಾವು, ಸೋದರತ್ತೆಯ ಮಗನನ್ನೇ ಮದುವೆಯಾದವರೂ ಇದ್ದಾರೆ. ಇಬ್ಬರು ಅಣ್ಣತಮ್ಮಂದಿರು ಇಬ್ಬರು ಅಕ್ಕತಂಗಿಯರನ್ನು ಮದುವೆಯಾದರೆ ಅವರ ಮಕ್ಕಳಲ್ಲಿ ಶೇ 12.5 ಅಲ್ಲ, ಶೇ 25 ಹೊಂದುತ್ತದೆ. ಕಂಪನಿಯ ಪಟ್ಟಿ "ಹತ್ತಿರದ ಸಂಬಂಧಿ" ಅಂದರೆ ಹಿಗ್ಗಬೇಡಿ, ನಾಲ್ಕು ಕಡೆಯಿಂದ ದೂರದ ಸಂಬಂಧಿಯೂ ಆಗಿರಬಹುದು. ಹೊಂದುವ ಚಿಕ್ಕ ಚಿಕ್ಕ ಡಿಎನ್‌ಎ ತುಣುಕುಗಳ ಮೊತ್ತ ನಂಬಬೇಡಿ, ಒಂದಾದರೂ ಉದ್ದದ ತುಣುಕು ಹೊಂದಿದೆಯೇ ನೋಡಿ. ಶೇಕಡಾ ಇಷ್ಟು ಈ ದೇಶ, ಇಷ್ಟು ಆ ದೇಶ ಅನ್ನುವ ಬಣ್ಣದ ನಕಾಶೆ ಸುಮ್ನೆ ಚಂದಕ್ಕೆ. ಹೋಲಿಸಲು ಅವರ ಬಳಿ ಯಾರ ಮಾದರಿ ಇದೆಯೋ ಅದರ ಮೇಲೆ ಉತ್ತರ ನಿಂತಿದೆ.

ಸಮುದಾಯದ ಮಟ್ಟದಲ್ಲಿ ಮಾತ್ರ ಇದು ದೊಡ್ಡ ವಿಷಯ ಹೇಳಿದೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳು 2011ರಲ್ಲಿ ಸಿದ್ದಿ ಸಮುದಾಯದವರ ಆಫ್ರಿಕನ್ ಮೂಲವನ್ನು ಡಿಎನ್‌ಎಯಲ್ಲಿ ತೋರಿಸಿದರು. 2021ರಲ್ಲಿ ಗೋವಾ, ಕುಮಟಾ, ಮಂಗಳೂರಿನ ರೋಮನ್ ಕ್ಯಾಥೊಲಿಕರಿಗೂ ಗೌಡ ಸಾರಸ್ವತರಿಗೂ ಇರುವ ಹತ್ತಿರದ ನಂಟು ಇನ್ನೊಂದು ಅಧ್ಯಯನದಲ್ಲಿ ಬಂತು. ಆದರೆ ನಿಮ್ಮ ಮುತ್ತಜ್ಜಿ ಯಾವ ಮನೆಯವಳು ಅಂತ ಇವು ಹೇಳುವುದಿಲ್ಲ.

ಉಗುಳು ಕೊಡುವ ಮೊದಲು ಇನ್ನೆರಡು ಮಾತು. ಇಂಥ ಡಿಎನ್‌ಎ ಪರೀಕ್ಷೆ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ನಿಮ್ಮ ಕಡತ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಖಾತೆ ಅಳಿಸಿ. ಇನ್ನೊಂದು, ಯಾರದೋ ಅಪ್ಪ ಬೇರೆ ಯಾರೋ ಅಂತ ಬಂದರೆ ಏನು ಮಾಡುತ್ತೀರಿ ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಕೇಳದೆ ಯಾರ ಮಾದರಿಯನ್ನೂ ಕಳಿಸಬೇಡಿ.

ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಅಂತ ಕಿಟ್ಟಿನ ಮೇಲೆ ಬರೆದಿದೆ. ನಮ್ಮ ದೊಡ್ಡಮ್ಮನ ಕಿಟ್ ಇನ್ನೂ ಕಪಾಟಿನಲ್ಲೇ ಇದೆ. ಕವಳ (ಎಲೆಅಡಿಕೆ) ಬಿಟ್ಟು ಅರ್ಧ ಗಂಟೆ ಕೂರುವುದು ಅವಳ ಕೈಯಲ್ಲಿ ಆಗುವುದಿಲ್ಲವಂತೆ. "ಅಂಕೋಲೆಗೆ ಕರ್ಕೊಂಡು ಹೋಗು, ಮನೆ ನಾನೇ ತೋರಿಸ್ತೆ" ಅನ್ನುತ್ತಿದ್ದಾಳೆ.