ಕಡಿಮೆ ತೆರಿಗೆಯ ದೇಶಗಳ ಬಗ್ಗೆ ವಾದ ಮಾಡುವುದು ಹೇಗೆ? ಖರ್ಚು ಯಾರ ತಲೆ ಮೇಲೆ ಬಿತ್ತು ಅಂತ ಹುಡುಕಿ

ಕಡಿಮೆ ತೆರಿಗೆ ಒಳ್ಳೆಯದಾ ಕೆಟ್ಟದ್ದಾ ಅನ್ನುವ ವಾದ ಬೇಗ ದಾರಿ ತಪ್ಪುತ್ತದೆ. ಒಬ್ಬರು ದುಬೈ ತೋರಿಸುತ್ತಾರೆ, ಇನ್ನೊಬ್ಬರು ತೆರಿಗೆ ಜಾಸ್ತಿ ಇರುವ ಡೆನ್ಮಾರ್ಕ್ ಅನ್ನುತ್ತಾರೆ, ಹತ್ತು ನಿಮಿಷಕ್ಕೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿರುತ್ತಾರೆ. ಇದರಲ್ಲಿ ಎಷ್ಟೋ ಜನರ ಬದುಕು ಸಿಕ್ಕಿಕೊಂಡಿದೆ. ಹಾಗಾಗಿ ಸುಮ್ನೆ ಕೂಗಾಡಿ ಮುಗಿಸುವ ವಿಷಯ ಇದಲ್ಲ.

ಮೊದಲು ಕೇಳಬೇಕಾದದ್ದು, ಯಾವ ತೆರಿಗೆ ಕಡಿಮೆ? ಯುಎಇಯಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ನಿಜ. ಆದರೆ 2018ರಿಂದ ಶೇ. 5 ವ್ಯಾಟ್ ಇದೆ, 2023ರಿಂದ ಕಂಪನಿಗಳ ಲಾಭದ ಮೇಲೆ ಶೇ. 9 ತೆರಿಗೆಯೂ ಬಂದಿದೆ. ಸಿಂಗಪುರದಲ್ಲಿ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇ. 24. ಅದರ ಜೊತೆಗೆ ಜಿಎಸ್‌ಟಿ ಶೇ. 9. ಇನ್ನು 55 ವರ್ಷದೊಳಗಿನ ಸ್ಥಳೀಯ ನೌಕರರ ಸಂಬಳದಲ್ಲಿ ಶೇ. 20 ಭಾಗ ಸಿಪಿಎಫ್ ಅನ್ನುವ ಕಡ್ಡಾಯ ಉಳಿತಾಯಕ್ಕೆ ಹೋಗುತ್ತದೆ, ಮಾಲೀಕರು ಮೇಲೆ ಶೇ. 17 ಹಾಕುತ್ತಾರೆ. ಅದು ತೆರಿಗೆ ಅಲ್ಲ, ನೌಕರನದೇ ದುಡ್ಡು. ಆದರೂ ತಿಂಗಳ ಕೊನೆಗೆ ಕೈಗೆ ಸಿಗುವುದಿಲ್ಲ, ಅಲ್ವಾ? ಇದನ್ನು ಎಣಿಸಬೇಕೋ ಬೇಡವೋ ಅಂತ ಮೊದಲೇ ಇಬ್ಬರೂ ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ, ತೆರಿಗೆ ಇಲ್ಲದಿದ್ದರೆ ಸರ್ಕಾರ ನಡೆಯುವುದು ಯಾವ ದುಡ್ಡಿನಲ್ಲಿ ಅಂತ ನೋಡಿ. ಕೊಲ್ಲಿ ದೇಶಗಳಿಗೆ ಎಣ್ಣೆ ಇದೆ. ಹಾಂಕಾಂಗ್ ಸರ್ಕಾರ ಜಮೀನನ್ನು ಗುತ್ತಿಗೆಗೆ ಕೊಟ್ಟು ಬಹಳ ವರ್ಷ ದೊಡ್ಡ ಮೊತ್ತ ಗಳಿಸಿತು. ಜಮೀನಿನ ಬೆಲೆ ಏರಿದಷ್ಟೂ ಬೊಕ್ಕಸಕ್ಕೆ ಅನುಕೂಲ. ಅದೇ ಊರಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಒಂದು ಫ್ಲ್ಯಾಟನ್ನು ತುಂಡು ತುಂಡು ಮಾಡಿದ ಪುಟ್ಟ ಕೋಣೆಗಳಲ್ಲಿ ಬದುಕುತ್ತಿದ್ದಾರೆ. ಸಂಬಳದಲ್ಲಿ ತೆರಿಗೆ ಉಳಿದದ್ದು ಬಾಡಿಗೆಯಲ್ಲಿ ಹೋಯಿತು ಅಂತ ಅಲ್ಲಿನ ಬಡವರ ಮಟ್ಟಿಗೆ ಧೈರ್ಯವಾಗಿ ಹೇಳಬಹುದು.

ಲಾಭಗಳನ್ನು ಹೇಳುವಾಗ ಜಿಪುಣತನ ಬೇಡ. ನೀವು ವಿರೋಧಿಯಾಗಿದ್ದರೂ ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಬರಬೇಕು. ಶೇ. 12.5ರ ಕಂಪನಿ ತೆರಿಗೆ ಐರ್ಲೆಂಡಿಗೆ ದೊಡ್ಡ ದೊಡ್ಡ ಕಂಪನಿಗಳನ್ನೂ ಕೆಲಸಗಳನ್ನೂ ತಂದಿತು. ಎಸ್ಟೋನಿಯಾ 2000ದಿಂದಲೇ, ಕಂಪನಿಯೊಳಗೆ ಉಳಿಸಿಕೊಂಡ ಲಾಭಕ್ಕೆ ತೆರಿಗೆ ಹಾಕುವುದನ್ನು ಬಿಟ್ಟಿತು. ಅಲ್ಲಿನ ಶಾಲೆಗಳು ಯುರೋಪಿನಲ್ಲೇ ಮುಂದಿನ ಸಾಲಿನಲ್ಲಿವೆ. ತೆರಿಗೆ ದರ ಕಡಿಮೆಯಾದರೆ ಸರ್ಕಾರ ಕೈಕಟ್ಟಿ ಕೂರುತ್ತದೆ ಅನ್ನುವುದೂ ತಪ್ಪು. ಸಿಂಗಪುರದ ನಿವಾಸಿಗಳಲ್ಲಿ ಸುಮಾರು ಶೇ. 80 ಜನ ಸರ್ಕಾರ ಕಟ್ಟಿಸಿದ ಮನೆಗಳಲ್ಲೇ ಇದ್ದಾರೆ.

ಅಂಕಿ ಹೇಳುವಾಗ ಮಾತ್ರ ಹುಷಾರು. ಐರ್ಲೆಂಡಿನ ಜಿಡಿಪಿ 2015ರಲ್ಲಿ ಒಂದೇ ವರ್ಷಕ್ಕೆ ಸುಮಾರು ಕಾಲು ಭಾಗ ಏರಿತು. ಜನರ ಜೇಬು ಹಾಗೆ ಏರಲಿಲ್ಲ. ಕಂಪನಿಗಳು ತಮ್ಮ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದವು, ಅಷ್ಟೇ. ಆಮೇಲೆ ಅಲ್ಲಿನ ಅಂಕಿಅಂಶ ಇಲಾಖೆಯೇ ಬೇರೆ ಅಳತೆ ಮಾಡಿಕೊಳ್ಳಬೇಕಾಯಿತು. ಹಾಗೇ ಅಮೆರಿಕದ ಕ್ಯಾನ್ಸಸ್ ರಾಜ್ಯ 2012ರಲ್ಲಿ ತೆರಿಗೆ ಇಳಿಸಿ, ಬೊಕ್ಕಸ ಬರಿದಾಗಿ, 2017ರಲ್ಲಿ ಆ ಇಳಿಕೆಯನ್ನು ಬಹುಪಾಲು ವಾಪಸ್ ಪಡೆಯಿತು. ಒಳ್ಳೆಯ ಉದಾಹರಣೆ, ಆದರೆ ಇದೊಂದರಿಂದಲೇ ವಾದ ಗೆದ್ದೆ ಅಂದುಕೊಳ್ಳಬೇಡಿ.

ಈಗ ಮನುಷ್ಯರ ವಿಷಯ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕೊಲ್ಲಿಯ ಕಫಾಲ ಪದ್ಧತಿಯಲ್ಲಿ ಕಾರ್ಮಿಕನ ವೀಸಾ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಸಾಲ ಮಾಡಿ ಏಜೆಂಟನಿಗೆ ದುಡ್ಡು ಕೊಟ್ಟು ಬಂದವನ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಇರುವುದು, ಸಂಬಳ ತಿಂಗಳುಗಟ್ಟಲೆ ತಡವಾಗುವುದು ಬಹಳ ಸಲ ದಾಖಲಾಗಿದೆ. ಆದರೆ ಇದಕ್ಕೆ ಕಾರಣ ಕಡಿಮೆ ತೆರಿಗೆ ಅಂತ ನೇರವಾಗಿ ಹೇಳಿದರೆ ನಿಮ್ಮ ವಾದ ಬೀಳುತ್ತದೆ. ಸೌದಿ ಅರೇಬಿಯಾ 2020ರಲ್ಲಿ ವ್ಯಾಟನ್ನು ಶೇ. 5ರಿಂದ ಶೇ. 15ಕ್ಕೆ ಏರಿಸಿತು. ಆ ಏರಿಕೆಯಿಂದ ಯಾರಿಗೂ ಪಾಸ್‌ಪೋರ್ಟ್ ವಾಪಸ್ ಸಿಗಲಿಲ್ಲ. ಅದೇ ವರ್ಷ ಕತಾರ್, ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು ಅಂತ ಕಾನೂನು ಬದಲಿಸಿತು, ಅದಕ್ಕಾಗಿ ಆದಾಯ ತೆರಿಗೆ ಹಾಕಲಿಲ್ಲ. ಅಂದರೆ ಕಡಿಮೆ ತೆರಿಗೆಗೆ ಈ ಕ್ರೌರ್ಯ ಬೇಕೇ ಬೇಕು ಅಂತೇನಿಲ್ಲ.

ನಿಜವಾದ ನಂಟು ಬೇರೆ ಕಡೆ ಇದೆ, ವಾದದಲ್ಲಿ ಅದನ್ನು ಹಿಡಿಯಿರಿ. ಯುಎಇಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಹೊರಗಿನವರು. ಕೂಲಿಗೆ ಬಂದವನನ್ನು ಮಗುವಾಗಿದ್ದಾಗ ಸಾಕಿ ಓದಿಸಿದ್ದು ಅವನ ಊರು. ಮೈಯಲ್ಲಿ ಶಕ್ತಿ ಇರುವ ವರ್ಷಗಳು ಯುಎಇಗೆ. ಮುಪ್ಪು, ಕಾಯಿಲೆ ಮತ್ತೆ ಅವನ ಊರಿಗೆ. ದುಡಿಯುವ ವಯಸ್ಸಿನವರನ್ನು ಮಾತ್ರ ಇಟ್ಟುಕೊಂಡ ದೇಶಕ್ಕೆ ಪಿಂಚಣಿ, ಆಸ್ಪತ್ರೆ, ಶಾಲೆಯ ಖರ್ಚು ಕಡಿಮೆ, ಹಾಗಾಗಿ ತೆರಿಗೆಯೂ ಕಡಿಮೆ ಸಾಕು. ಆ ಖರ್ಚು ಹೊರುವುದು ಇನ್ನೊಂದು ಬಡ ದೇಶ, ಬಹಳಷ್ಟು ಸಲ ಒಬ್ಬ ಹೆಂಡತಿ ಅಥವಾ ಮಗಳು. ಇದು ಯಾವ ಬಜೆಟ್‌ನಲ್ಲೂ ಕಾಣುವುದಿಲ್ಲ. ಅವನು ಕಳಿಸಿದ ದುಡ್ಡಿನಿಂದ ಮನೆ ಎದ್ದಿತು, ಮಕ್ಕಳು ಓದಿದರು ಅನ್ನುವುದನ್ನೂ ಅಷ್ಟೇ ಗೌರವದಿಂದ ಲೆಕ್ಕಕ್ಕೆ ಹಾಕಿ.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಅಷ್ಟು ಕಷ್ಟ ಇದ್ದರೆ ಯಾಕೆ ಹೋಗುತ್ತಾರೆ? ಸಿಟ್ಟಾಗಬೇಡಿ. ಊರಿನಲ್ಲಿ ಸಿಗುವುದಕ್ಕಿಂತ ಅಲ್ಲಿ ಜಾಸ್ತಿ ಸಿಗುತ್ತದೆ ಅಂತಲೇ ಹೋಗುತ್ತಾರೆ, ಅದನ್ನು ಒಪ್ಪಿಕೊಳ್ಳಿ. ಆಮೇಲೆ ತಿರುಗಿ ಕೇಳಿ: ಹೋದವನು ಬೇಡ ಅನ್ನಿಸಿದ ದಿನ ಕೆಲಸ ಬಿಡಬಹುದಾ? ಪಾಸ್‌ಪೋರ್ಟ್ ಅವನ ಹತ್ತಿರವೇ ಇದೆಯಾ? ಸಂಬಳ ಕೊಡದಿದ್ದರೆ, ವಾಪಸ್ ಕಳಿಸಿಬಿಡುತ್ತಾರೆ ಅನ್ನುವ ಭಯವಿಲ್ಲದೆ ದೂರು ಕೊಡಬಹುದಾ?