ದಿನ ಬಿಟ್ಟು ದಿನ ನೀರು: ಪುಣೆಯ ನಮ್ಮ ಸೊಸೈಟಿಯಲ್ಲಿ ಮಾಡಿದ್ದು

2015ರ ಮಳೆಗಾಲ ಕೈಕೊಟ್ಟಿತು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೆಮ್ಘರ್ ನಾಲ್ಕೂ ಅಣೆಕಟ್ಟು ತುಂಬಿದರೆ 29 ಟಿಎಂಸಿ ಚಿಲ್ಲರೆ. ಆ ವರ್ಷ ತುಂಬಲಿಲ್ಲ. ಇರುವುದರಲ್ಲೇ ದೌಂಡ್, ಇಂದಾಪುರ ತಾಲೂಕುಗಳ ಕಡೆಗೂ ಕಾಲುವೆ ಹರಿಯಬೇಕು. ಸೆಪ್ಟೆಂಬರಿನಿಂದ ಮಹಾನಗರಪಾಲಿಕೆ ದಿನ ಬಿಟ್ಟು ದಿನ ನೀರು ಬಿಡತೊಡಗಿತು. ಮುಂದಿನ ಜುಲೈವರೆಗೂ ಅದೇ. ಕೋಥರೂಡ್ ಬಡಾವಣೆಯ ನಮ್ಮ ವಸತಿ ಸೊಸೈಟಿಗೆ ಆಗ ನಾನೇ ಸೆಕ್ರೆಟರಿ.

ಶುರುವಿನಲ್ಲಿ ನೀರಿನ ಖರ್ಚು ಕಡಿಮೆ ಆಗಲೇ ಇಲ್ಲ. ಎಲ್ಲರೂ ಡ್ರಮ್ಮು, ಬಕೆಟ್ಟು, ಪಾತ್ರೆ ತುಂಬಿ ಇಡುತ್ತಿದ್ದರು. ಹೊಸ ನೀರು ಬಂದ ಕೂಡಲೇ ಉಳಿದಿದ್ದನ್ನು ಮೋರಿಗೆ ಸುರಿಯುತ್ತಿದ್ದರು. ನಿನ್ನೆಯ ನೀರು ಅಡುಗೆಗೆ, ದೇವರಿಗೆ ನಡೆಯಲ್ಲವಂತೆ! ಅಣೆಕಟ್ಟಿನಲ್ಲಿ ತಿಂಗಳುಗಟ್ಟಲೆ ನಿಂತ ನೀರು ನಮ್ಮ ಡ್ರಮ್ಮಿನಲ್ಲಿ ಒಂದು ರಾತ್ರಿಗೇ ಹಳಸುತ್ತದಾ? ಆದರೆ ವಾದ ಮಾಡಿ ಪ್ರಯೋಜನವಿರಲಿಲ್ಲ. ತುಂಬಿಡುವ ಅಗತ್ಯವೇ ಬರಬಾರದು, ಅಷ್ಟೆ.

ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ನಾವು ಸುಮಾರು ನೂರು ಜನ. ಎರಡು ದಿನಕ್ಕೆ 27,000 ಲೀಟರ್. ಕೆಳಗಿನ ಸಂಪು, ಮೇಲಿನ ಟಾಕಿ ಸೇರಿ ಹತ್ತಿರ ಹತ್ತಿರ ಅಷ್ಟನ್ನು ಹಿಡಿಯುತ್ತಿದ್ದವು. ಹಾಗಾಗಿ ಪಾಲಿಕೆ ಯಾವತ್ತಾದರೂ ಬಿಡಲಿ, ನಾವು ಮನೆಗಳಿಗೆ ದಿನಾ ಬಿಡುವುದು ಅಂತ ಗೊತ್ತುಮಾಡಿದೆವು. ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ. ನಾಳೆಯೂ ನೀರು ಬರುತ್ತದೆ ಅಂತ ನಂಬಿಕೆ ಬಂದ ಮೇಲೆ ಡ್ರಮ್ಮುಗಳು ತಾವಾಗೇ ಬಾಲ್ಕನಿಗೆ ಹೋದವು.

ನಮ್ಮ ಧಾರವಾಡದ ಅಜ್ಜಿಯೊಬ್ಬರು ಮಾತ್ರ ಮೆಟ್ಟಿಲಲ್ಲೇ ಹಿಡಿದರು: "ಏನಪಾ, ಮೈಗೆ ಸೋಪು ಹಚ್ಚಿದಾಗ ನೀರು ನಿಂತರ ಹೆಂಗ?" ಅವರ ಮಾತು ನಿಜ. ವಯಸ್ಸಾದವರು, ಕೂಸಿರುವ ಮನೆಗಳಿಗೆ ಒಂದು ಡ್ರಮ್ಮಿಗೆ ರಿಯಾಯಿತಿ ಕೊಟ್ಟೆವು. ಮೇಲಿನ ಮಹಡಿಗೆ ಒತ್ತಡ ಸಾಲದು ಅಂತ ಜಗಳವೂ ಆಯಿತು. ಕೆಳಗಿನ ಮನೆಗಳ ವಾಲ್ವ್ ಅರ್ಧ ತಿರುಗಿಸಿದ ಮೇಲೆ ತಣ್ಣಗಾಯಿತು. ಕಾರಿಗೆ ಪೈಪು ಹಿಡಿಯುವುದು ಬಂದ್, ಬಟ್ಟೆ-ಬಕೆಟ್ಟು ಮಾತ್ರ. ಅದಕ್ಕೆ ಯಾರೂ ಜಾಸ್ತಿ ತಕರಾರು ಮಾಡಲಿಲ್ಲ.

ನಿಜವಾದ ಉಳಿತಾಯ ಸಿಕ್ಕಿದ್ದು ರಾತ್ರಿ. ಪಂಪ್ ನಿಲ್ಲಿಸಿ, ಟಾಕಿಯ ವಾಲ್ವ್ ತೆರೆದೇ ಬಿಟ್ಟು, ಗುರುತು ಮಾಡಿದ ಕೋಲಿನಿಂದ ಮಟ್ಟ ಅಳೆದೆವು. ಎಲ್ಲರೂ ಮಲಗಿರುವಾಗಲೂ ನೀರು ಇಳಿದಿತ್ತು! ಮನೆ ಮನೆಗೆ ಹೋಗಿ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಬಿಟ್ಟೆವು. ಸ್ವಲ್ಪ ಹೊತ್ತು ಯಾರೂ ಫ್ಲಶ್ ಮಾಡಬಾರದು. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಸೋರುತ್ತಿದೆ ಅಂತ. ಎಷ್ಟೊಂದು ಮನೆಗಳಲ್ಲಿ ಕಂಡಿತು! ಸದ್ದಿಲ್ಲದ ಸೋರಿಕೆ, ಯಾರ ಗಮನಕ್ಕೂ ಬಂದಿರಲಿಲ್ಲ. ವಾಷರಿಗೆ ಏನೂ ಬೆಲೆಯಿಲ್ಲ. ಪ್ಲಂಬರನ್ನು ಸೊಸೈಟಿ ಖರ್ಚಿನಲ್ಲೇ ಕರೆಸಿದೆವು. ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳಿ ಅಂದಿದ್ದರೆ ಅರ್ಧ ಮನೆಗಳು ಇವತ್ತಿಗೂ ಸೋರುತ್ತಿದ್ದವು. ಸಂಪಿನ ಫ್ಲೋಟ್ ವಾಲ್ವ್ ಕೂಡ ಕೆಟ್ಟಿತ್ತು, ತುಂಬಿದ ಮೇಲೂ ನೀರು ಹೊರಗೆ ಹರಿಯುತ್ತಿತ್ತು. ಅದನ್ನೂ ಬದಲಾಯಿಸಿದೆವು. ಟ್ಯಾಂಕರ್ ಬಿಲ್ಲು ಇಳಿದದ್ದು ಇದರಿಂದ, ನೋಟೀಸು ಅಂಟಿಸಿದ್ದರಿಂದಲ್ಲ.

2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಬರಕ್ಕೆ ಸಿಕ್ಕ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಟಿವಿಯಲ್ಲಿ ಅದನ್ನು ನೋಡಿದ ಮೇಲೆ ನೀರು ಬಿಡುವ ವೇಳೆಯ ಬಗ್ಗೆ ದೂರು ನಿಂತೇ ಹೋಯಿತು.

ಜುಲೈನಲ್ಲಿ ಮಳೆ ಹಿಡಿದು ದಿನಾ ನೀರು ಬಂತು. ಸಭೆಯಲ್ಲಿ ವೇಳೆ ತೆಗೆಯಿರಿ ಅಂತ ಎಲ್ಲರೂ ಕೇಳಿದರು, ತೆಗೆದೆವು. ಕೋಲಿನ ಅಳತೆಯನ್ನು ಮಾತ್ರ ವಾಚ್‌ಮನ್‌ಗೆ ಒಪ್ಪಿಸಿದ್ದೇವೆ, ತಿಂಗಳಿಗೊಮ್ಮೆ.