ಅವಧಿ ಮುಗಿದ ಪಾಸ್‌ವರ್ಡ್: ಬದಲಿಸದವರನ್ನು ತಡೆಯುವುದು ಹೇಗೆ?

ತೋಟದ ಹಾಜರಿ, ಹೋಂಸ್ಟೇ ಬುಕಿಂಗ್ ಎಲ್ಲವೂ ವೆಬ್ ಆ್ಯಪ್‌ಗೆ ಬಂದಿರುವ ಕೊಡಗಿನಲ್ಲಿ, ಅವನ್ನು ಬರೆಯುವ ನಮ್ಮ ಹುಡುಗರು ಎಡವುವುದು ಒಂದೇ ಕಡೆ. ಅವಧಿ ಮುಗಿದವರನ್ನು ಲಾಗಿನ್ ಆದೊಡನೆ ಪಾಸ್‌ವರ್ಡ್ ಬದಲಿಸುವ ಪುಟಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ತೋಟದ ರೈಟರ್ (ಹಾಜರಿ ಬರೆಯುವ ಗುಮಾಸ್ತ) ಹಾಜರಿ ಪುಟದ ವಿಳಾಸ ಹೊಡೆದು ಹಾಯಾಗಿ ಒಳಗೆ ಹೋಗುತ್ತಾರೆ.

ಮೊದಲು ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ ದಿನಾಂಕಕ್ಕೊಂದು ಕಾಲಂ, ‘ಬದಲಿಸಲೇಬೇಕು’ ಎಂಬುದಕ್ಕೊಂದು ಫ್ಲ್ಯಾಗ್ (ಹೌದು-ಇಲ್ಲ ಗುರುತು) ಸೇರಿಸಿ. ಹಳೆಯ ಖಾತೆಗಳಲ್ಲಿ ಆ ದಿನಾಂಕ ಖಾಲಿ ಬಿಡಬೇಡಿ, ಖಾಲಿ ಇದ್ದದ್ದನ್ನು ಆ್ಯಪ್ ಅವಧಿ ಮುಗಿದದ್ದೆಂದೇ ಎಣಿಸಬಹುದು. ಕಾಫಿ ಕೊಯ್ಲಿನ ನಡುವೆ ಎಲ್ಲರ ಅವಧಿಯೂ ಒಂದೇ ಬೆಳಿಗ್ಗೆ ಮುಗಿದರೆ ಫೋನ್ ಎತ್ತಿ ಎತ್ತಿ ಸಾಕಾಗುತ್ತದೆ.

ಇನ್ನು ಕಷ್ಟದ ಭಾಗ. ತಪಾಸಣೆ ಲಾಗಿನ್‌ನಲ್ಲಷ್ಟೇ ಅಲ್ಲ, ಮಿಡಲ್‌ವೇರ್‌ನಲ್ಲಿ (ಪುಟ ತಲುಪುವ ಮುನ್ನ ಪ್ರತಿ ಕೋರಿಕೆಯೂ ಹಾದುಹೋಗುವ ಕೋಡ್) ಪ್ರತಿ ರಿಕ್ವೆಸ್ಟ್‌ಗೂ ಆಗಬೇಕು. ವಾರಗಟ್ಟಲೆ ಲಾಗಔಟ್ ಆಗದವರು ಸಿಕ್ಕಿಬೀಳುವುದು ಇಲ್ಲಿಯೇ. ವಿನಾಯಿತಿ ಮೂರಕ್ಕೆ ಮಾತ್ರ: ಬದಲಿಸುವ ಪುಟ, ಅದರ ಸಿಎಸ್ಎಸ್ ಮತ್ತು ಸ್ಕ್ರಿಪ್ಟ್ ಫೈಲುಗಳು, ಲಾಗಔಟ್. ಬದಲಿಸುವ ಪುಟವನ್ನೇ ಮರೆತರೆ ಅದು ತನ್ನನ್ನೇ ಸುತ್ತುತ್ತಾ ಬ್ರೌಸರ್ ಕೈಚೆಲ್ಲುತ್ತದೆ. ಎಪಿಐಗೆ, ಅಂದರೆ ಮೊಬೈಲ್ ಆ್ಯಪ್ ಸರ್ವರ್‌ನೊಂದಿಗೆ ಮಾತಾಡುವ ದಾರಿಗೆ, ರಿಡೈರೆಕ್ಟ್ (ಬೇರೆ ಪುಟಕ್ಕೆ ತಿರುಗಿಸುವುದು) ಕೊಡಬೇಡಿ. ಜೇಸನ್ (JSON) ರೂಪದ ಡೇಟಾ ಕೇಳಿದ ಮೊಬೈಲ್ ಆ್ಯಪ್‌ಗೆ ಎಚ್‌ಟಿಎಂಎಲ್ ಪುಟ ಹೋಗಿ ಕಂಗಾಲಾಗುತ್ತದೆ. 403 (‘ಪ್ರವೇಶವಿಲ್ಲ’ ಎಂಬ ಉತ್ತರ) ಕಳಿಸಿ, ಕಾರಣದ ಕೋಡ್ ಜೊತೆಗಿಡಿ. ರೈಟರ್ ಅರ್ಧ ದಿನದ ಹಾಜರಿ ತುಂಬಿ ‘ಸೇವ್’ ಒತ್ತಿದ ಕ್ಷಣವೇ ಅವಧಿ ಮುಗಿದಿದ್ದರೆ? ಗಡುವಿನ ದಿನ ಮುಗಿದದ್ದಷ್ಟೇ ಆದರೆ ಆ ಒಂದು ಪೋಸ್ಟ್ (ಫಾರಂ ತುಂಬಿ ಕಳಿಸಿದ ರಿಕ್ವೆಸ್ಟ್) ಒಳಗೆ ಬಿಟ್ಟು ಮುಂದಿನ ಪುಟದಲ್ಲಿ ತಡೆಯಿರಿ. ಪಾಸ್‌ವರ್ಡ್ ಸೋರಿದ ಸಂಶಯವಿದ್ದರೆ ದಾಕ್ಷಿಣ್ಯ ಬೇಡ, ಅಲ್ಲೇ ನಿಲ್ಲಿಸಿ. ಲಾಗಿನ್ ಪುಟವನ್ನಷ್ಟೇ ಕಾಯುವ ರೆಡಿಮೇಡ್ ಪ್ಲಗಿನ್‌ಗಳು ಇದಾವುದನ್ನೂ ಮಾಡುವುದಿಲ್ಲ. ದುಡ್ಡು ಕೊಟ್ಟು ಮುಂಬಾಗಿಲಿಗೆ ಬೀಗ ಹಾಕಿಸಿ ಹಿತ್ತಿಲ ಕದ ತೆರೆದಿಟ್ಟಂತೆ.

ಫಾರಂ ಸುಲಭ: ಹಳೆಯದನ್ನು ಕೇಳಿ, ಹೊಸದೂ ಅದೇ ಆಗಿದ್ದರೆ ತಿರಸ್ಕರಿಸಿ, ಪೇಸ್ಟ್ ಮಾಡಲು ಬಿಡಿ. ಉಳಿಸಿದ ಕೂಡಲೇ ಸೆಷನ್ ಐಡಿ (ಲಾಗಿನ್ ಆದವರ ಗುರುತು, ಬ್ರೌಸರ್‌ನ ಕುಕಿಯಲ್ಲಿ ಇರುವುದು) ಬದಲಿಸಿ, ಬೇರೆ ಸಾಧನಗಳ ಸೆಷನ್‌ಗಳನ್ನು ಕಿತ್ತುಹಾಕಿ. ಮಳೆಗಾಲದಲ್ಲಿ ಸರ್ವರ್‌ನ ಉತ್ತರ ಬರುವ ಮೊದಲೇ ನೆಟ್ ಹೋದರೆ ಹೊಸ ಕುಕಿ ತಲುಪುವುದಿಲ್ಲ, ಮತ್ತೆ ಲಾಗಿನ್ ಪುಟ ಬರುತ್ತದೆ. ಜನ ಹಳೆಯ ಪಾಸ್‌ವರ್ಡನ್ನೇ ಹೊಡೆದು ಖಾತೆ ಲಾಕ್ ಮಾಡಿಕೊಳ್ಳುತ್ತಾರೆ. ಹಾಗಾಗಿ ‘ನೆಟ್ ಹೋದರೆ ಮೊದಲು ಹೊಸ ಪಾಸ್‌ವರ್ಡ್ ಹಾಕಿ ನೋಡಿ’ ಎಂದು ಫಾರಂನಲ್ಲೇ ಬರೆದಿಡಿ.

ಎಷ್ಟು ದಿನಕ್ಕೊಮ್ಮೆ? ನನ್ನನ್ನು ಕೇಳಿದರೆ ದಿನದ ಲೆಕ್ಕವೇ ಬೇಡ. ತಿಂಗಳಿಗೊಮ್ಮೆ ಪೀಡಿಸಿದರೆ ‘ಮಡಿಕೇರಿ1’ ಇದ್ದದ್ದು ‘ಮಡಿಕೇರಿ2’ ಆಗುತ್ತದೆ, ಅಷ್ಟೇ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್ಐಎಸ್‌ಟಿಯೂ 2017ರ ಮಾರ್ಗಸೂಚಿಯಲ್ಲಿ ಕಾಲಕಾಲಕ್ಕೆ ಬದಲಿಸುವ ಒತ್ತಾಯ ಬೇಡ, ಸೋರಿಕೆಯ ಪುರಾವೆ ಇದ್ದಾಗ ಬದಲಿಸಿ ಎಂದಿತು. ಮಾಲೀಕರು ಹಟ ಹಿಡಿದರೆ ದಿನಾಂಕದ ಕಾಲಂ ಬಳಸಿ, ಇಲ್ಲವಾದರೆ ಫ್ಲ್ಯಾಗ್ ಸಾಕು.

ಬಿಡುಗಡೆಗೆ ಮುಂಚೆ ಒಂದು ಪರೀಕ್ಷಾ ಖಾತೆಯ ದಿನಾಂಕ ಹಿಂದಕ್ಕೆ ತಳ್ಳಿ, ಪ್ರತಿ ಪುಟದ ವಿಳಾಸವನ್ನೂ ನೇರವಾಗಿ ಹೊಡೆದು ನೋಡಿ. ಮೊಬೈಲ್ ಆ್ಯಪ್‌ನಲ್ಲೂ.